ಮೇಷ್ಟ್ರ ಕಫನಕ್ಕೆ ನಲವತ್ತು ಹೆಸರು

"ಕೊಡೋ ಇಲ್ಲಿ ಅದನ್ನ!" ಎಂದು ನಷ್ಮಿಯಾ ಹಾತಿಮನ ಕೈಯಿಂದ ಹೆಣಕ್ಕೆ ಸುತ್ತುವ ಕಫನದ ಬಟ್ಟೆಯನ್ನು ಕಿತ್ತುಕೊಂಡಳು.

ಹಾತಿಂ ಅವಳ ಭಾವನ ಮಗ, ತಲೆ ನರೆತ ಗಂಡಸು. ಬೆಳಗಿನ ಜಾವದಿಂದ ಆಸ್ಪತ್ರೆ, ಮರಣಪತ್ರ, ಕಾರು ಎಂದು ಓಡಾಡಿ ಅವನ ಮುಖ ಇಳಿದುಹೋಗಿತ್ತು. ಬಟ್ಟೆಯನ್ನು ಮಡಚಿ ಪ್ಲಾಸ್ಟಿಕ್ ಚೀಲಕ್ಕೆ ತುರುಕುವುದರಲ್ಲಿದ್ದವನು ಹಾಗೇ ನಿಂತುಬಿಟ್ಟ.

"ಚಿಕ್ಕಮ್ಮ, ಕಾರಿನ ಮೇಲೆ ಕಟ್ಟೋಕೆ ಹಗ್ಗ ತಂದಾಯ್ತು. ನಜಫ್ ಮುಟ್ಟೋಕೆ ಮೂರೂವರೆ ಗಂಟೆ ಬೇಕು. ಅಲ್ಲಿ ಸ್ನಾನ ಮಾಡ್ಸಿ, ಬಟ್ಟೆ ಸುತ್ತಿ, ಕತ್ತಲಾಗೋದ್ರೊಳಗೆ ಮಣ್ಣು ಮಾಡ್ಬೇಕು."

"ಎಷ್ಟು ಹೆಸರಿದೆ ಇದ್ರಲ್ಲಿ?"

"ಅದೆಲ್ಲ ಈಗ್ಯಾಕೆ..."

"ಎಷ್ಟಿದೆ ಅಂತ ಕೇಳಿದೆ."

ನಷ್ಮಿಯಾ ಬಟ್ಟೆಯನ್ನು ತೊಡೆಯ ಮೇಲೆ ಹರಡಿಕೊಂಡಳು. ಓದು ಬಾರದವಳೇ ಹೊರತು ಎಣಿಸಲು ಬಾರದವಳಲ್ಲ. ಒಂದೊಂದು ಸಾಲಿಗೂ ಬೆರಳಿಟ್ಟು ಎಣಿಸಿದಳು. ಹನ್ನೊಂದು.

ಅವಳ ಗಂಡ ದಖೀಲ್ ಮೇಷ್ಟ್ರು ಆ ಬಟ್ಟೆಯನ್ನು ಕರ್ಬಲಾದಿಂದ ತಂದು ಒಂಬತ್ತು ವರ್ಷವಾಗಿತ್ತು. "ಈತನಲ್ಲಿ ಒಳ್ಳೆಯದಲ್ಲದೆ ಬೇರೇನನ್ನೂ ನಾವು ಕಂಡಿಲ್ಲ" ಎಂದು ತಲೆಯ ಕಡೆ ತಾವೇ ಬರೆದಿದ್ದರು. ಅದರ ಕೆಳಗೆ ನಲವತ್ತು ಜನ ಹೆಸರು ಹಾಕಬೇಕು. ನಲವತ್ತು ಮಂದಿ ಸಾಕ್ಷಿ ಹೇಳಿದವನನ್ನು ದೇವರು ಹೆಚ್ಚು ಕೆದಕುವುದಿಲ್ಲವೆಂದು ಅಲ್ಲಿಯವರ ನಂಬಿಕೆ. ಗಂಡಸರ ಹೆಸರೇ ಲೆಕ್ಕ. ಬದುಕಿರುವಾಗಲೇ ಜನ ಮದುವೆಯ ಮನೆಗೂ ಬಟ್ಟೆ ಒಯ್ದು, "ಹಾಕಪ್ಪ, ನಿನ್ನ ಬಟ್ಟೆಗೆ ನಾನು ಹಾಕ್ತೀನಿ" ಎಂದು ನಗುನಗುತ್ತ ಬರೆಸಿಕೊಳ್ಳುತ್ತಾರೆ. ಮೇಷ್ಟ್ರು ಹನ್ನೊಂದು ಹಾಕಿಸಿಕೊಂಡು ಬಟ್ಟೆಯನ್ನು ಪೆಟ್ಟಿಗೆಯ ತಳಕ್ಕೆ ಹಾಕಿಬಿಟ್ಟಿದ್ದರು. ಹನ್ನೆರಡನೆಯವನ ಹತ್ತಿರ ಏನಾಯಿತೆಂದು ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ. ಆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಚೆನ್ನಾಗಿ ಕಲಿತಿದ್ದ ವಿದ್ಯೆ ಅದೊಂದೇ.

"ಇದು ತುಂಬ್ಲಿ. ಆಮೇಲೆ ಹೊರಡಿ," ಎಂದಳು.

"ಅವಳು ಹೇಳೋದು ಸರಿಯಾಗೇ ಇದೆ ಕಣೋ," ಎಂದು ಪಕ್ಕದಲ್ಲಿ ಕುಳಿತಿದ್ದ ಉಮ್ ಸತ್ತಾರ್ ದನಿ ಏರಿಸಿದಳು. "ಹೊರಗೆ ಅಷ್ಟೊಂದು ಗಂಡಸರು ಪುಕ್ಕಟೆ ಕಾಫಿ ಹೀರ್ತಾ ಕೂತಿದಾರಲ್ಲ, ಒಂದು ಹೆಸರು ಗೀಚೋಕೆ ಕೈಗೇನು ಕಜ್ಜಿ ಬಂದಿದೆಯಾ? ತಗೊಂಡು ಹೋಗು!"

ಉಮ್ ಸತ್ತಾರ್ ಪಕ್ಕದ ಮನೆಯವಳು. ಮೂವತ್ತಾರು ವರ್ಷದಿಂದ ಇಬ್ಬರ ನಡುವೆ ಇದ್ದದ್ದು ಒಂದು ಮೋಟುಗೋಡೆ. ಇಂದು ಬೆಳಿಗ್ಗೆ ಸುದ್ದಿ ತಿಳಿದ ಕೂಡಲೇ ತಲೆಗೆ ಬಟ್ಟೆಯನ್ನೂ ಸರಿಯಾಗಿ ಹೊದೆಯದೆ ಓಡಿಬಂದು, ನಷ್ಮಿಯಾಳನ್ನು ಎದೆಗೊತ್ತಿಕೊಂಡು ಕುಳಿತವಳು ಎದ್ದಿರಲಿಲ್ಲ. ಖರ್ಜೂರದ ಚೂರೊಂದನ್ನು ಬಲವಂತವಾಗಿ ಬಾಯಿಗೆ ಇಟ್ಟವಳೂ ಅವಳೇ. ಒಡಹುಟ್ಟಿದವರು ಯಾರೂ ಉಳಿದಿರದ ನಷ್ಮಿಯಾಳಿಗೆ ಲೋಕದಲ್ಲಿ ತನ್ನವರೆಂದು ಇದ್ದದ್ದು ಇನ್ನು ಅವಳೊಬ್ಬಳೇ.

ಹಾತಿಂ ಬಟ್ಟೆ ಹಿಡಿದು ಹೊರಗೆ ಹೋದ. ಕಿಟಕಿಯ ಸರಳುಗಳಾಚೆ, ಓಣಿಗೆ ಅಡ್ಡವಾಗಿ ಹಾಕಿದ ಡೇರೆ ಕಾಣುತ್ತಿತ್ತು. ಮೊದಲ ಕುರ್ಚಿಯಲ್ಲಿ ಹಾಜಿ ಶಲ್ತಾಗ್ ಕುಳಿತಿದ್ದರು. ಆ ಬಳಗದ ಹಿರಿಯರು, ಅವರ ಮಾತೆಂದರೆ ಊರಿಗೇ ಮಾತು. ಹಾತಿಂ ಅವರ ಮುಂದೆ ಬಗ್ಗಿದ. ಹಾಜಿ ತಲೆಯಾಡಿಸಿ ಕಾಫಿಯ ಬಟ್ಟಲನ್ನು ಕೆಳಗಿಟ್ಟರು, ಪೆನ್ನನ್ನು ಮುಟ್ಟಲಿಲ್ಲ.

ಅವನು ತಿರುಗಿ ಬಂದಾಗ ಬಟ್ಟೆಯಲ್ಲಿ ಹದಿನೇಳು ಹೆಸರಿತ್ತು.

"ಆರು ಜನ ಹಾಕಿದ್ರು, ಅವರೂ ಹೊರಗಿನೋರು. ಊರಿನೋರೆಲ್ಲ ಹಾಜಿ ಮುಖ ನೋಡ್ತಿದಾರೆ."

"ಹಾಜಿ ಏನಂದ್ರು?"

ಹಾತಿಂ ನೆಲ ನೋಡಿದ. "ಸತ್ತವನ ಮೇಲೆ ಕೆಟ್ಟ ಮಾತಾಡಲ್ಲ, ಸುಳ್ಳು ಸಾಕ್ಷೀನೂ ಹಾಕಲ್ಲ ಅಂದ್ರು. ಹಳೇ ದಿಬ್ಬದಲ್ಲಿ ಸಿಗೋ ಪುರಾತನ ಮಾಲು ಕದ್ದು ಮಾರಿದವನು ಅಂತ ಊರಿಗೇ ಗೊತ್ತಲ್ಲ, ಅಂದ್ರು."

"ಮಾರಿದ್ರಂತೆ, ಮಾರಿದ್ರು!" ಉಮ್ ಸತ್ತಾರ್ ಎದೆ ಬಡಿದುಕೊಂಡಳು. "ಮಾರಿದೋನು ಒಂದೇ ಜೊತೆ ಚಪ್ಪಲೀನ ಹೊಲಿಸಿ ಹೊಲಿಸಿ ಹತ್ತು ವರ್ಷ ಹಾಕ್ಕೋತಾನಾ? ಯಾರೋ ಮಾಡಿದ ಪಾಪ ಆ ದೇವರಂಥ ಮನುಷ್ಯನ ತಲೆಗೆ ಬಂತು. ಆ ಕೆಲಸ ಮಾಡಿದ ಕೈ ಸೇದಿಹೋಗ್ಲಿ! ನನ್ನ ಗಂಡನ ಕಿವೀನೂ ಅವತ್ತೇ ಹೋಯ್ತು."

ಈ ಶಾಪವನ್ನು ನಷ್ಮಿಯಾ ಇಪ್ಪತ್ತಮೂರು ವರ್ಷದಿಂದ ಕೇಳಿಸಿಕೊಂಡು ಬಂದಿದ್ದಳು. ಪ್ರತಿ ಸಲವೂ ಮಾಡುವಂತೆ ಈಗಲೂ ಆಮೀನ್ ಎಂದು ಗೊಣಗಿ, ತನ್ನ ಎರಡು ಕೈಗಳನ್ನು ಕಪ್ಪು ಹೊದಿಕೆಯೊಳಗೆ ಎಳೆದುಕೊಂಡಳು.

*

ಮೇಷ್ಟ್ರು ಕಲಿಸುತ್ತಿದ್ದ ಕಾಲದಲ್ಲಿ, ಐದನೇ ತರಗತಿಯ ಚರಿತ್ರೆ ಪುಸ್ತಕ ಆ ನಾಡಿನ ಪ್ರಾಚೀನ ಸುಮೇರರ ಪಾಠಕ್ಕೆ ಬರುವ ಹೊತ್ತಿಗೆ ಚಳಿ ಬಿಟ್ಟು ಬಿಸಿಲು ಹಿತವಾಗಿರುತ್ತಿತ್ತು. ಆ ವಾರ ನಷ್ಮಿಯಾಳ ಅಂಗಳ ಅವಳದಾಗಿರುತ್ತಿರಲಿಲ್ಲ. ಮೂವತ್ತೈದು ಮಕ್ಕಳು ಕಾಲುವೆಯ ದಂಡೆಯಿಂದ ಬಕೆಟ್ಟುಗಳಲ್ಲಿ ಜೇಡಿಮಣ್ಣು ಹೊತ್ತು ತಂದು ಅಂಗಳವನ್ನು ಕೆಸರುಗದ್ದೆ ಮಾಡಿಬಿಡುತ್ತಿದ್ದವು. ಮೇಷ್ಟ್ರು ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಜೊಂಡಿನ ಕಡ್ಡಿಗಳ ತುದಿಯನ್ನು ಮೂಲೆ ಬರುವಂತೆ ಕೊಯ್ದು ಒಂದೊಂದು ಮಗುವಿಗೂ ಕೊಡುತ್ತಿದ್ದರು.

"ಗೀಚಬಾರ್ದು. ಗೀಚಿದ್ರೆ ಮಣ್ಣು ಎದ್ದು ಬರುತ್ತೆ. ಒತ್ತಬೇಕು, ಎತ್ತಬೇಕು. ಹಾಂ, ಹಾಗೆ. ಏನಯ್ಯಾ ಇದು ನಿಂದು?"

"ದನದ ತಲೆ ಮೇಷ್ಟ್ರೇ."

"ಒಂದೇ ಕೊಂಬಿದೆಯಲ್ಲೋ?"

"ನಮ್ಮನೆ ದನಕ್ಕೂ ಒಂದೇ ಇರೋದು ಮೇಷ್ಟ್ರೇ."

ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕವು. ಮೇಷ್ಟ್ರೂ ನಕ್ಕರು. ಬೇರೆಲ್ಲೂ ಹಾಗೆ ನಗದ ಮನುಷ್ಯ.

"ನೋಡಿ, ಆ ದಿಬ್ಬ ಇದೆಯಲ್ಲ, ಐದು ಸಾವಿರ ವರ್ಷದ ಹಿಂದೆ ಅದರ ಕೆಳಗೆ ಊರಿತ್ತು. ಅಲ್ಲೂ ಶಾಲೆ. ನಿಮ್ಮಷ್ಟೇ ಮಕ್ಕಳು ಇದೇ ಮಣ್ಣಲ್ಲಿ ಇದನ್ನೇ ಬರೀತಿದ್ರು. ಲೋಕದಲ್ಲಿ ಬೇರೆ ಯಾರಿಗೂ ಬರೆಯೋಕೇ ಬರ್ತಿರಲಿಲ್ಲ ಆಗ."

"ಅವರಿಗೂ ಪರೀಕ್ಷೆ ಇತ್ತಾ?"

"ಇತ್ತು."

"ಏಟು?"

"ಬೇಕಾದಷ್ಟು. ತಡವಾಗಿ ಬಂದ್ರೆ ಏಟು. ಅಕ್ಷರ ಸೊಟ್ಟ ಆದ್ರೆ ಏಟು."

"ಹಾಗಾದ್ರೆ ಅವರು ನಮ್ಮೂರೋರೇ ಬಿಡಿ ಮೇಷ್ಟ್ರೇ!"

ಮನೆಯಲ್ಲಿ ಏನೇನಿದೆಯೋ ಅದನ್ನು ಜೇಡಿಮಣ್ಣು ತಟ್ಟಿ ಮಾಡಿದ ಹಲಗೆಯಲ್ಲಿ ಬರೆಯಬೇಕು, ಅದೇ ಪಾಠ. ಜವೆಗೆ ಒಂದು ಗುರುತು, ನೀರಿಗೊಂದು, ಮನುಷ್ಯರಿಗೊಂದು. ಒಬ್ಬಳು ಪುಟ್ಟ ಹುಡುಗಿ ಸತ್ತ ಅಜ್ಜಿಯನ್ನು ಸೇರಿಸಬೇಕೋ ಬೇಡವೋ ಎಂದು ಅಳುವುದಕ್ಕೇ ಬಂದಳು. "ಸೇರಿಸಮ್ಮ, ಅವಳೇನು ಜಾಗ ಕೇಳ್ತಾಳಾ," ಎಂದರು ಮೇಷ್ಟ್ರು. ಕಣ್ಣೊರೆಸಿಕೊಂಡ ಹುಡುಗಿ ಕೇಳಿಬಿಟ್ಟಳು: "ನಿಮ್ಮನೇಲಿ ಎಷ್ಟು ಜನ ಮೇಷ್ಟ್ರೇ?"

ತಂದೂರಿ ಒಲೆಯ ಹತ್ತಿರ ರೊಟ್ಟಿ ತಟ್ಟುತ್ತಿದ್ದ ನಷ್ಮಿಯಾ ಕತ್ತೆತ್ತಿ ನೋಡಿದಳು. ಮೇಷ್ಟ್ರು ಒಂದು ಮಣ್ಣಿನ ಹಲಗೆ ತೆಗೆದುಕೊಂಡು ಎರಡು ಸಲ ಕಡ್ಡಿ ಒತ್ತಿದರು. ಮತ್ತೊಂದು ಸಲ ಒತ್ತಲು ಕೈ ಹೋದದ್ದು ಹಾಗೇ ನಿಂತಿತು.

ಅಲ್ಲೆಲ್ಲ ಹೆತ್ತವರನ್ನು ಮೊದಲ ಮಗುವಿನ ಹೆಸರು ಹಿಡಿದೇ ಕರೆಯುವುದು. ಮಕ್ಕಳಾಗದವರನ್ನೂ ಬರಿಗೈಯಲ್ಲಿ ಬಿಡಬಾರದೆಂದು ಊರು ಒಂದು ಹೆಸರು ಕೊಡುತ್ತದೆ: ಅಬೂ ಗಾಯಿಬ್, ಉಮ್ ಗಾಯಿಬ್. ಇನ್ನೂ ಬಾರದವನ ಅಪ್ಪ, ಇನ್ನೂ ಬಾರದವನ ಅಮ್ಮ. ಅಕ್ಕರೆಯಿಂದಲೇ ಕರೆಯುತ್ತಾರೆ. ಹಾಗೆ ಕರೆದಾಗಲೆಲ್ಲ ನಷ್ಮಿಯಾಳಿಗೆ ಯಾರೋ ಹೊಟ್ಟೆಗೆ ಮೊಣಕೈ ಹಾಕಿ ತಿವಿದಂತಾಗುತ್ತಿತ್ತು.

ರೊಟ್ಟಿ ಮುಗಿದ ಮೇಲೆ ಹಲಗೆಗಳನ್ನು ಅದೇ ಒಲೆಯ ಕೆಂಡದಲ್ಲಿ ಸುಟ್ಟುಕೊಡುವುದು ಅವಳ ಪಾಲಿನ ಕೆಲಸ. ಗೊಣಗಿಕೊಂಡೇ ಮಾಡುತ್ತಿದ್ದಳು. ಆರಿದ ಮೇಲೆ ಮೇಷ್ಟ್ರು ಒಂದೊಂದನ್ನೂ ಒರೆಸಿ, ಗೋಣಿಗೆ ತುಂಬಿ, ವರ್ಷ ಬರೆದು ಮೂಲೆಯ ಕೋಣೆಯಲ್ಲಿಡುತ್ತಿದ್ದರು. ಮದುವೆಯಾದ ವರ್ಷ ಕೂಸಿಗೆಂದು ಕಟ್ಟಿಸಿದ ಕೋಣೆ ಅದು. ಹದಿನಾಲ್ಕು ವರ್ಷಕ್ಕೆ ಹದಿನಾಲ್ಕು ಗೋಣಿ. ಊರ ಮಕ್ಕಳೆಲ್ಲ ಆ ಕೋಣೆಗೆ ಬಂದರು, ಬರಬೇಕಾದ್ದು ಮಾತ್ರ ಬರಲಿಲ್ಲ ಎಂದು ಅವಳಿಗೆ ಉರಿಯುತ್ತಿತ್ತು.

"ನಿಂಗೂ ಕಲಿಸ್ತೀನಿ ಬಾರೇ, ಹೆಸರು ಬರೆಯೋದು," ಎಂದು ಅವರು ಒಮ್ಮೆ ಕರೆದಿದ್ದರು.

"ನಿಮ್ಮ ಶಾಲೆ ಮಕ್ಕಳಿಗೇ ಕಲಿಸ್ಕೊಳ್ಳಿ," ಎಂದಿದ್ದಳು.

*

"ಹೊತ್ತೇರ್ತಾ ಇದೆ ತಾಯಿ," ಎಂದು ಊರಿನ ಧರ್ಮಗುರು ಸಯ್ಯದ್ ಜಾಬಿರ್ ಬಾಗಿಲ ಪರದೆಯಾಚೆ ನಿಂತು ಮೆತ್ತಗೆ ಹೇಳಿದರು. "ಈ ಬಿಸಿಲಲ್ಲಿ ದೇಹ ಇಟ್ಕೊಳ್ಳೋದು ಸರಿಯಲ್ಲ. ನಲವತ್ತು ಆಗ್ಲೇಬೇಕು ಅನ್ನೋ ಕಟ್ಟಳೆ ಏನೂ ಇಲ್ಲ. ಮೇಷ್ಟ್ರು ಎಂಥವರು ಅಂತ ದೇವರಿಗೆ ಗೊತ್ತು."

"ದೇವರಿಗೆ ಗೊತ್ತಿರೋದು ನಂಗೂ ಗೊತ್ತು ಸಯ್ಯದ್. ಊರಿಗೆ ಗೊತ್ತಾಗ್ಬೇಕು."

"ಊರಿನ ಬಾಯಿ ಮುಚ್ಚೋಕೆ ಯಾರಿಂದಾಗುತ್ತೆ ಹೇಳಿ?"

ಯಾರಿಂದಾಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಂಗಳದ ನಡುವೆ ಮರದ ಪೆಟ್ಟಿಗೆಯಲ್ಲಿ ಕಂಬಳಿ ಹೊದ್ದು ಅವರು ಮಲಗಿದ್ದರು. ಮೂಗಿನ ತುದಿಯ ಹತ್ತಿರ ಕಂಬಳಿ ಸ್ವಲ್ಪ ಎದ್ದಿತ್ತು. ಇನ್ನರ್ಧ ಗಂಟೆಯಲ್ಲಿ ಇವರನ್ನು ಒಯ್ಯುತ್ತಾರೆ. ಹದಿನೇಳು ಹೆಸರಿನ ಬಟ್ಟೆ ಸುತ್ತಿಕೊಂಡು, ಕಳ್ಳನೆನ್ನಿಸಿಕೊಂಡೇ ಇವರು ಮಣ್ಣಿಗೆ ಹೋಗುತ್ತಾರೆ.

"ಒಂದು ಗುಟುಕು ನೀರು ಕುಡೀ, ನನ್ನ ಬಂಗಾರ," ಎಂದು ಉಮ್ ಸತ್ತಾರ್ ಲೋಟವನ್ನು ಅವಳ ತುಟಿಗೆ ಹಿಡಿದಳು. ನಷ್ಮಿಯಾ ಕುಡಿದಳು.

*

ಹೊರದೇಶಗಳು ಹೇರಿದ್ದ ದಿಗ್ಬಂಧನದ ವರ್ಷಗಳು ಅವು. ಮೇಷ್ಟ್ರ ತಿಂಗಳ ಸಂಬಳಕ್ಕೆ ಒಂದು ತಟ್ಟೆ ಮೊಟ್ಟೆಯೂ ಬರುತ್ತಿರಲಿಲ್ಲ. ಪಡಿತರದ ಹಿಟ್ಟು ಕಪ್ಪಗೆ, ಅಗಿದರೆ ಹಲ್ಲಿಗೆ ಕಲ್ಲು. ಒಂದು ಮಧ್ಯಾಹ್ನ ಹಿತ್ತಿಲ ಓಣಿಯಲ್ಲಿ ಪರಊರಿನ ವ್ಯಾಪಾರಿಯೊಬ್ಬ ಪಿಸುದನಿಯಲ್ಲಿ ಕೇಳುತ್ತ ಬಂದ: "ದಿಬ್ಬದ್ದೇನಾದ್ರೂ ಇದೆಯೇನಮ್ಮ? ಬಿಳಿ ಹಿಟ್ಟು ಕೊಡ್ತೀನಿ."

ನಷ್ಮಿಯಾ ಮೂಲೆಯ ಕೋಣೆಗೆ ಹೋಗಿ ಒಂದು ಗೋಣಿ ಎಳೆದು ತಂದಳು. ಅವನು ಒಂದು ಹಲಗೆ ತೆಗೆದು ಬೆಳಕಿಗೆ ಹಿಡಿದ, ನಾಲಗೆಯ ತುದಿಯಿಂದ ನೆಕ್ಕಿ ನೋಡಿದ.

"ದಿಬ್ಬದ್ದೇ ತಾನೇ?"

ಮಕ್ಕಳ ಪಾಠದ್ದಪ್ಪಾ ಎಂದು ಒಂದು ಮಾತು ಹೇಳಿದ್ದರೆ ಅವನು ಉಗುಳಿ ಮುಂದೆ ಹೋಗುತ್ತಿದ್ದ.

"ಹೂಂ," ಎಂದಳು.

ಗೋಣಿಯನ್ನು ಹೆದ್ದಾರಿಯವರೆಗೆ ಕತ್ತೆಗಾಡಿಯಲ್ಲಿ ಒಯ್ದವನು ಉಮ್ ಸತ್ತಾರಳ ಗಂಡ. ಒಳಗೇನಿದೆ ಎಂದು ಕೇಳಿದ್ದಕ್ಕೆ ಹೊಟ್ಟು ಎಂದಿದ್ದಳು. ಎರಡು ಮೂಟೆ ಹಿಟ್ಟು ಬಂತು. ಹಸಿವಿಗೆ ಮಾಡಿದೆ ಎಂದು ತನಗೆ ತಾನೇ ಎಷ್ಟು ಸಲ ಹೇಳಿಕೊಂಡರೂ ಅದು ಅರ್ಧ ನಿಜ. ಆ ಕೋಣೆಯಿಂದ ಒಂದು ಗೋಣಿಯಾದರೂ ಹೊರಗೆ ಹೋಯಿತಲ್ಲ ಎಂದು ಅವಳಿಗೆ ಆ ದಿನ ಹಾಯೆನಿಸಿತ್ತು. ಆ ಅರ್ಧವನ್ನು ಅವಳು ಯಾರಿಗೆ ತಾನೇ ಹೇಳಿಯಾಳು?

ಹತ್ತು ದಿನಕ್ಕೆ ವ್ಯಾಪಾರಿ ತಪಾಸಣೆಯಲ್ಲಿ ಸಿಕ್ಕಿಬಿದ್ದು ಮನೆಯ ಗುರುತು ಹೇಳಿದ. ಪೊಲೀಸರು ಬಂದು ಉಳಿದ ಹದಿಮೂರು ಗೋಣಿಯನ್ನೂ ಜೀಪಿಗೆ ಎಸೆದರು. ಮೇಷ್ಟ್ರನ್ನು ಒಯ್ದರು, ಗಾಡಿಯವನನ್ನೂ ಒಯ್ದರು. ಗಾಡಿಯವನು ಹತ್ತೊಂಬತ್ತು ದಿನಕ್ಕೆ ಎಡಗಿವಿಯಲ್ಲಿ ರಕ್ತ ಒಣಗಿಸಿಕೊಂಡು ಬಂದ. ಬಗ್ದಾದಿನಿಂದ ಬಂದ ಅಧಿಕಾರಿ ಹಲಗೆಗಳನ್ನು ನೋಡಿ ಹೊಟ್ಟೆ ಹಿಡಿದು ನಕ್ಕನಂತೆ. ಮೇಷ್ಟ್ರನ್ನು ಐವತ್ತೆರಡನೆಯ ದಿನ ಬಿಟ್ಟರು. ಊರು ಬಿಡಲಿಲ್ಲ. ನಿಜವಾದ್ದನ್ನು ಮಾರಿಕೊಂಡು ಮಕ್ಕಳದ್ದನ್ನು ತೋರಿಸಿ ಪಾರಾದ ಎಂದಿತು. ಅಂಥವನ ಕೈಗೆ ಮಕ್ಕಳನ್ನು ಕೊಡುವುದಿಲ್ಲವೆಂದು ತಂದೆತಾಯಿಗಳು ಶಾಲೆಗೆ ಹೋಗಿ ಕುಳಿತರು. ಅಲ್ಲಿಂದ ಮುಂದೆ ಹದಿನಾರು ವರ್ಷ ದಖೀಲ್ ಮೇಷ್ಟ್ರು ಶಾಲೆಯ ಉಗ್ರಾಣದಲ್ಲಿ ಕುಳಿತು ಸೀಮೆಸುಣ್ಣ, ಪೊರಕೆ ಕೊಟ್ಟರು. ಸುಮೇರರ ಪಾಠದ ವಾರ ಬಂದರೆ ಐದನೇ ತರಗತಿಯ ಕಿಟಕಿಯ ಹತ್ತಿರ ಏನೋ ಹುಡುಕುವವರಂತೆ ನಿಂತಿರುತ್ತಿದ್ದರು. ಹೊಸ ಮೇಷ್ಟ್ರು ಪುಸ್ತಕ ಹಿಡಿದು ಓದಿಸಿ ಮುಗಿಸುತ್ತಿದ್ದರು.

ಬಿಡುಗಡೆಯಾಗಿ ಬಂದ ದಿನ ಅವಳು ರೊಟ್ಟಿ ಮಾಡಿ ಬಡಿಸಿದಳು. ಮೇಷ್ಟ್ರು ಒಂದು ತುಂಡು ಮುರಿದು ಬಹಳ ಹೊತ್ತು ನೋಡಿದರು.

"ಹಿಟ್ಟು ಬೆಳ್ಳಗಿದೆ," ಎಂದರು.

ಅಷ್ಟೇ. ತಿಂದು ಕೈ ತೊಳೆದು ಎದ್ದರು. ಮಾರನೆಯ ದಿನ ಖಾಲಿ ಕೋಣೆಯನ್ನು ತಾವೇ ಗುಡಿಸಿದರು. ಬೈದಿದ್ದರೆ, ಎರಡು ಬಾರಿಸಿದ್ದರೆ, ತವರಿಗೆ ಹೊರಡು ಎಂದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ಇಪ್ಪತ್ತಮೂರು ವರ್ಷ ಒಂದೇ ತಟ್ಟೆಯಲ್ಲಿ ಉಂಡು, ಆ ಮಾತಿನ ಮುಂದಿನ ಮಾತಿಗಾಗಿ ಕಾದಳು. ಅದು ಬರಲೇ ಇಲ್ಲ.

*

ನಷ್ಮಿಯಾ ಎದ್ದು ನಿಂತಳು.

"ಎಲ್ಲಿಗೇ?" ಎಂದಳು ಉಮ್ ಸತ್ತಾರ್. "ಕೂತ್ಕೋ, ತಲೆ ತಿರುಗೀತು."

ಅವಳು ಹಾತಿಮನ ಕೈಯಿಂದ ಬಟ್ಟೆ ತೆಗೆದುಕೊಂಡು, ಹೊದಿಕೆಯನ್ನು ಗಲ್ಲದ ಕೆಳಗೆ ಕೈಯಲ್ಲಿ ಬಿಗಿಯಾಗಿ ಹಿಡಿದು, ಹೊಸಿಲು ದಾಟಿ ಓಣಿಗಿಳಿದಳು. ಹೆಂಗಸು ಡೇರೆಯ ಬಾಯಿಗೆ ಬಂದು ನಿಂತದ್ದನ್ನು ಕಂಡು ಗಂಡಸರು ಬಟ್ಟಲೆತ್ತಿದ ಕೈಯನ್ನು ಅಲ್ಲೇ ತಡೆದರು. ಹಿಂದಿನಿಂದ ಹೆಂಗಸರೂ ಬಾಗಿಲಿಗೆ ಬಂದು ಮುತ್ತಿದರು.

"ಹಾಜಿ, ನಿಮ್ಮ ಹತ್ರ ಒಂದು ಮಾತಿದೆ."

"ಒಳಗೆ ನಡಿ ತಂಗಿ. ಇದು ಹೆಂಗಸರು ಬರೋ ಜಾಗ ಅಲ್ಲ."

"ಹೋಗ್ತೀನಿ. ಕೇಳಿ. ಆ ಗೋಣಿ ಕೊಟ್ಟೋಳು ನಾನು."

ಹಾಜಿ ಶಲ್ತಾಗ್ ಹುಬ್ಬು ಗಂಟಿಕ್ಕಿದರು. "ಯಾವ ಗೋಣಿ?"

"ವ್ಯಾಪಾರಿಗೆ ಕೊಟ್ಟಿದ್ದು. ಅವರು ಶಾಲೇಲಿದ್ರು, ಅವರಿಗೆ ಗೊತ್ತೇ ಇರಲಿಲ್ಲ. ದಿಬ್ಬದ್ದಲ್ಲ ಅದು, ನಿಮ್ಮ ಮಕ್ಕಳೇ ಮಾಡಿದ್ದು. ನಿಮ್ಮ ಎರಡನೇ ಮಗನದ್ದೂ ಅದ್ರಲ್ಲಿತ್ತು. ದಿಬ್ಬದ್ದಾ ಅಂದ, ನಾನು ಹೂಂ ಅಂದೆ. ಹಿಟ್ಟು ಬೇಕಿತ್ತು." ಅವಳು ಬಟ್ಟೆಯನ್ನು ಅವರ ಮುಂದೆ ಚಾಚಿದಳು. "ಹಿಟ್ಟೊಂದಕ್ಕೇ ಅಲ್ಲ. ಊರ ಮಕ್ಕಳ ಮೇಲೆ ನಂಗೆ ಹೊಟ್ಟೇಕಿಚ್ಚಿತ್ತು. ಅವರು ಒಳಗಿದ್ದಾಗ ಹೇಳೋ ಧೈರ್ಯ ಬರಲಿಲ್ಲ. ಬಿಟ್ಟು ಬಂದ್ಮೇಲೆ ನಾಚಿಕೆ. ಆಮೇಲೆ ಹಾಗೇ ದಿನ ಹೋಯ್ತು."

ಹಾಜಿಯವರು ನಿಧಾನಕ್ಕೆ ಎದ್ದು ಬಂದು ಬಟ್ಟೆಗೆ ಕೈ ಚಾಚಿದರು.

"ಇಪ್ಪತ್ತಮೂರು ವರ್ಷ," ಎಂದರು. "ದಿನಾ ಬೆಳಿಗ್ಗೆ ನನ್ನ ಅಂಗಡಿ ಮುಂದೆ ಹೋಗ್ತಾ ಸಲಾಂ ಹೇಳೋನು. ನಾನು ಆ ಕಡೆ ಮುಖ ತಿರುಗಿಸ್ಕೊಳ್ಳೋನು. ಆದ್ರೂ ಮಾರನೇ ದಿನ ಹೇಳೋನು." ಹೆಸರು ಬರೆದು, ಹಿಂತಿರುಗಿ ನೋಡದೆ, "ಬನ್ರೋ," ಎಂದು ಗದರಿದರು.

ಗಂಡಸರು ಸಾಲುಗಟ್ಟಿದರು. ಹಾಜಿಯ ಎರಡನೇ ಮಗ ಫೋನು ಮಾಡಿದ. ಬಜಾರಿನಿಂದ, ಇಟ್ಟಿಗೆ ಭಟ್ಟಿಯಿಂದ, ಪಂಪ್‌ಹೌಸಿನಿಂದ ಮೀಸೆ ನರೆತ ಶಿಷ್ಯರು ಬಂದರು. ನಲವತ್ತು ದಾಟಿತು. ಬಂದವರು ಬರೆಯದೆ ಹೋಗುವುದಿಲ್ಲವೆಂದು ಹಟ ಹಿಡಿದು ಅಂಚಿನಲ್ಲಿ, ಮೂಲೆಯಲ್ಲಿ, ಸಂದು ಸಿಕ್ಕಲ್ಲೆಲ್ಲ ಬರೆದರು. "ಸಾಕ್ರಪ್ಪಾ, ದೇವರಿಗೆ ಓದೋಕೂ ಬಿಡುವು ಬೇಕು," ಎಂದರು ಸಯ್ಯದ್ ಜಾಬಿರ್, ಕಣ್ಣೊರೆಸಿಕೊಳ್ಳುತ್ತ.

ನಷ್ಮಿಯಾ ತಿರುಗಿ ಮನೆಯೊಳಗೆ ಬಂದಳು. ಹೆಂಗಸರು ಅತ್ತಿತ್ತ ಸರಿದು ದಾರಿ ಬಿಟ್ಟರು. ಉಮ್ ಸತ್ತಾರ್ ಗೋಡೆಗೆ ಒರಗಿ ನಿಂತಿದ್ದಳು.

"ಹೊಟ್ಟು ಅಂದಿದ್ದೆ," ಎಂದಳು.

"ಅಂದಿದ್ದೆ."

"ನಿಂಗೇ ಅಂತ ಗೊತ್ತಿಲ್ದೆ ಇಷ್ಟು ವರ್ಷ ನಿನ್ನ ಎದುರಿಗೇ ಶಾಪ ಹಾಕ್ತಿದ್ದೆ. ನೀನು ಆಮೀನ್ ಅಂತಿದ್ದೆಯಲ್ಲೇ."

ನಷ್ಮಿಯಾ ಅವಳ ಕೈ ಹಿಡಿಯಲು ಹೋದಳು. ಉಮ್ ಸತ್ತಾರ್ ಕೈಯನ್ನು ಕೊಡವಲಿಲ್ಲ, ಬಯ್ಯಲಿಲ್ಲ. ತಾನು ತಂದಿದ್ದ ನೀರಿನ ಲೋಟವನ್ನು ಎತ್ತಿಕೊಂಡು, ಚಪ್ಪಲಿ ಮೆಟ್ಟಿ, ತನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ಕಿವುಡ ಗಂಡ ಏನಾಯಿತೇ, ಏನಾಯಿತೇ ಎಂದು ಕೂಗಿ ಕೇಳುತ್ತಿದ್ದುದು ಮೋಟುಗೋಡೆಯಾಚೆಯಿಂದ ಕೇಳಿಸಿತು.

ಉಳಿದ ಹೆಂಗಸರಲ್ಲಿ ಒಬ್ಬಳಿಗೆ ಒಲೆಯ ಮೇಲೆ ಸಾರು ಇಟ್ಟು ಬಂದದ್ದು ನೆನಪಾಯಿತು. ಇನ್ನೊಬ್ಬಳಿಗೆ ನಜಫಿನವರೆಗೆ ಬಸ್ಸಿನಲ್ಲಿ ಕೂರಲು ಮಂಡಿ ನೋವು. ಮಗಳ ಕೂಸಿಗೆ ಜ್ವರ ಎಂದಳು ಮತ್ತೊಬ್ಬಳು. ಒಬ್ಬೊಬ್ಬರೇ ಹೊದಿಕೆ ಸರಿಪಡಿಸಿಕೊಂಡು, "ದೇವರು ತಾಳ್ಮೆ ಕೊಡ್ಲಿ," ಎಂದು ನೆಲಕ್ಕೆ ಹೇಳಿ ಹೋದರು.

ಪೆಟ್ಟಿಗೆಯನ್ನು ಕಾರಿನ ಮೇಲೆ ಬಿಗಿದರು. ಹೆಂಗಸರಿಗೆಂದು ಹಾತಿಂ ಇಪ್ಪತ್ತು ಸೀಟಿನ ಬಸ್ಸು ಗೊತ್ತು ಮಾಡಿದ್ದ. ನಷ್ಮಿಯಾ ಹತ್ತಿ ಡ್ರೈವರನ ಹಿಂದಿನ ಸೀಟಿನಲ್ಲಿ ಕುಳಿತಳು. ಡ್ರೈವರು ಹೊಸಬ, ಏನೂ ತಿಳಿಯದವನು. ಎಂಜಿನ್ನು ಚಾಲೂ ಮಾಡಿ ಕನ್ನಡಿಯಲ್ಲಿ ನೋಡಿದ.

"ಉಳಿದೋರು ಬರ್ಲಿ ಅಂತ ಕಾಯ್ಲಾ ತಾಯಿ?"

ಅವಳು ಓಣಿಯ ಕಡೆ ನೋಡಿದಳು.

"ಇಲ್ಲಪ್ಪ. ನಡಿ."

ಹೆದ್ದಾರಿಗೆ ಬರುವಷ್ಟರಲ್ಲಿ ಮುಂದೆ ಕಾರುಗಳು, ಪಿಕಪ್ಪುಗಳು, ಎರಡು ಟ್ರಾಕ್ಟರು, ಇನ್ನೂ ಅಡ್ಡರಸ್ತೆಗಳಿಂದ ಬಂದು ಸೇರುತ್ತಲೇ ಇದ್ದವು. ಊರಿನ ಯಾವ ಸಾವಿಗೂ ಇಷ್ಟು ಗಾಡಿ ಹೊರಟದ್ದನ್ನು ಅವಳು ಕಂಡಿರಲಿಲ್ಲ. ಮೇಷ್ಟ್ರಿದ್ದ ಕಾರು ಇವೆಲ್ಲಕ್ಕೂ ಮುಂದೆ ಎಲ್ಲೋ ಇತ್ತು. ಅವಳು ಎದ್ದು ಎಡಗಡೆಯ ಸೀಟಿಗೆ ಹೋಗಿ ಕಿಟಕಿಯಿಂದ ಇಣುಕಿದಳು. ಅಲ್ಲಿಂದ ಕಾಣದೆ ಬಲಗಡೆಯ ಸೀಟಿಗೆ ಬಂದಳು. ತಿರುವು ಬಂದಾಗ ಮತ್ತೆ ಎಡಕ್ಕೆ ಹೋದಳು. ನಡುವೆ ಅಷ್ಟೊಂದು ಗಾಡಿಗಳಿದ್ದವು, ಯಾವ ಸೀಟಿನಿಂದಲೂ ಆ ಪೆಟ್ಟಿಗೆ ಕಾಣಿಸಲಿಲ್ಲ.